ಎದೆಗೆ ಕಟ್ಟಿದ ಒಣಕಾಯಿ

ನಮ್ಮೂರಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ಬೆನ್ನಿಗೆ ಒಣಗಿದ ತೆಂಗಿನಕಾಯಿ ಕಟ್ಟುತ್ತಿದ್ದರು. ಸಿಕ್ಕಿದ ಕಾಯಿ ಆಗುವುದಿಲ್ಲ. ಕೊಬ್ಬರಿಗೆಂದು ಅಟ್ಟದ ಮೇಲೆ ಹಾಕಿದ ಕಾಯಿ, ಒಳಗಿನ ನೀರೆಲ್ಲ ಇಂಗಿರಬೇಕು, ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಕೊಬ್ಬರಿ ಗಿಟುಕು ಕಡಕಡ ಎನ್ನಬೇಕು. ಸಿಪ್ಪೆ ಸುಲಿಯಬಾರದು. ಎರಡು ಕಾಯಿಯ ಸಿಪ್ಪೆಯಿಂದ ಒಂದೊಂದು ಪಟ್ಟಿ ನಾರು ಎಬ್ಬಿಸಿ ಒಂದಕ್ಕೊಂದು ಗಂಟು ಹಾಕಿದರೆ ಜೋಡಿ ಆಯಿತು. ಅದನ್ನು ಬೆನ್ನಿಗೆ ಬಿಗಿದು ಬಾವಿಗೆ ತಳ್ಳಿದರೆ ಹುಡುಗ ಮುಳುಗುವುದಿಲ್ಲ. ಹೊಟ್ಟೆ ಕೆಳಗಾಗಿ, ತಲೆ ಎತ್ತಿ, ಕೈಕಾಲು ಬಡಿಯುತ್ತಾನೆ. ನಾಲ್ಕು ದಿನ ಬಡಿದ ಮೇಲೆ ಕಾಯಿ ಬಿಚ್ಚುತ್ತಾರೆ.

ನನಗೆ ಹಾಗೆ ಕಲಿಸಿದವರು ಬೋರಯ್ಯನವರು. ನಮ್ಮಪ್ಪನಿಗೆ ದೊಡ್ಡಪ್ಪನ ಮಗ, ನನಗೆ ದೊಡ್ಡಯ್ಯ. ಅರಳಗುಪ್ಪೆಯಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಅವರ ತೆಂಗಿನ ತೋಟ. ತೋಟದ ನಡುವೆ ಅಗಲವಾದ ಕಲ್ಲುಕಟ್ಟಡದ ಬಾವಿ, ಇಳಿಯುವುದಕ್ಕೆ ಮೆಟ್ಟಿಲು. ಊರಿನ ಗಂಡುಮಕ್ಕಳೆಲ್ಲ ಆ ಬಾವಿಯಲ್ಲೇ ಈಜು ಕಲಿತದ್ದು. ಅಲ್ಲಿ ದೊಡ್ಡಯ್ಯನದು ಒಂದೇ ಕಟ್ಟುನಿಟ್ಟು. ನೀರಿನ ಮೇಲೆ ಅಂಗಾತ ಮಲಗಬಾರದು. ಯಾವನಾದರೂ ಮಲಗಿದ್ದು ಕಂಡರೆ ಕಿವಿ ಹಿಡಿದು ಮೇಲಕ್ಕೆ ಎಳೆಯುತ್ತಿದ್ದರು. "ಹೆಣ ತೇಲ್ದಂಗೆ ತೇಲ್ತೀಯೇನ್ಲಾ? ಬದುಕಿರೋನು ಬೋರಲು ಬಿದ್ದು ಈಜ್ಬೇಕು ಕಣ್ಲಾ." ಅವರಪ್ಪ ಅವರಿಗೆ ಹಾಗೇ ಹೇಳಿದ್ದರಂತೆ.

ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ನಾನು ಬದುಕಿ ಉಳಿದ ಕಥೆ ಈ ಕಾಯಿಯಿಂದಲೇ ಶುರುವಾಗಬೇಕು.

ಎಂಬತ್ತನೇ ಇಸವಿಯ ಆಸುಪಾಸು. ನಾನು ತಿಪಟೂರಿನಲ್ಲಿ ಸದಾಶಿವಯ್ಯನವರ ಕೊಬ್ಬರಿ ಮಂಡಿಯಲ್ಲಿ ಹಮಾಲಿಗಳಿಗೆ ಅಡುಗೆ ಮಾಡಿ ಹಾಕುತ್ತಿದ್ದೆ. ನಾನು ಓದಿದ್ದು ಎರಡನೇ ಕ್ಲಾಸು, ಮುದ್ದೆ ಸಾರು ಮಾತ್ರ ಕೈಗೆ ಚೆನ್ನಾಗಿ ಹತ್ತಿತ್ತು. ಮಂಡಿಯಿಂದ ಬಾಂಬೆಗೆ ಕೊಬ್ಬರಿ ಹೋಗುತ್ತಿತ್ತು. ಅಲ್ಲಿ ಕೊಳ್ಳುವವರ ನೆಂಟನೊಬ್ಬ ಸಮುದ್ರದ ಮೇಲೆ ಊಟದ ಕಂಟ್ರಾಕ್ಟು ಹಿಡಿದಿದ್ದ. ಒಂದು ದಿನ ಸದಾಶಿವಯ್ಯನವರು ಗಾದಿಯ ಮೇಲೆ ಕೂತು ನನ್ನನ್ನು ಕರೆದರು.

"ಸಮುದ್ರದ ಮಧ್ಯ ಕಬ್ಬಿಣದ ಅಟ್ಟ ಕಟ್ಟಿ ಎಣ್ಣೆ ಬಾವಿ ಕೊರೀತಾರಂತೆ ಕಣಪ್ಪ ಮಾಯಣ್ಣ. ಅಲ್ಲಿರೋರ್ಗೂ ಹೊಟ್ಟೆ ಹಸಿಯುತ್ತಲ್ಲ. ಹೋಗ್ತೀಯಾ?"

"ನೀವು ಹೇಳಿದ್ರೆ ಹೋಗ್ತೀನಿ ಯಜಮಾನ್ರೇ."

"ಒಳ್ಳೆ ಮನುಷ್ಯ, ಕೈ ಶುದ್ಧ ಅಂತ ನನ್ನ ಮಾತು ಕೊಟ್ಟಿದ್ದೀನಿ. ಅರ್ಧಕ್ಕೆ ಬಿಟ್ಟು ವಾಪಸ್ ಬಂದು ನಿಂತ್ಕೋಬೇಡ."

ಊರಲ್ಲಿ ನಮಗಿದ್ದದ್ದು ಅಣ್ಣನಿಗೂ ನನಗೂ ಸೇರಿ ಒಂದು ತುಂಡು ರಾಗಿ ಹೊಲ. ಅವನ ಸಂಸಾರ ಅದರಲ್ಲಿ ಬದುಕಬಹುದಿತ್ತು, ಎರಡು ಸಂಸಾರ ಕಷ್ಟ. ಹಾಗಾಗಿ ಈ ಕೆಲಸ ನನಗೂ ನನ್ನ ಹೆಂಡತಿ ರಾಮಲಕ್ಷ್ಮಿಗೂ ಅವಳ ಮಡಿಲಲ್ಲಿದ್ದ ಕೂಸಿಗೂ ದೇವರು ಕೊಟ್ಟಂತಿತ್ತು.

ಬಾಂಬೆಗೆ ಹೋದ ಮೇಲೆ ಗೊತ್ತಾಯಿತು, ಇಂಜಿನಿಯರಾಗಲಿ ಅಡುಗೆಯವನಾಗಲಿ, ಸಮುದ್ರಕ್ಕೆ ಹೋಗುವ ಮುಂಚೆ ಪ್ರಾಣ ಉಳಿಸಿಕೊಳ್ಳುವ ತರಬೇತಿಯಲ್ಲಿ ಪಾಸಾಗಬೇಕು. ಪಾಸಾಗದವನು ಊರಿಗೆ ವಾಪಸ್. ತರಬೇತಿ ಕೊಡುತ್ತಿದ್ದವರು ನೌಕಾಪಡೆಯಿಂದ ರಿಟೈರಾದ ಒಬ್ಬ ಮರಾಠಿ ಮನುಷ್ಯ, ಸಾವಂತ್ ಅಂತ. ನಾವು ಮೇಷ್ಟ್ರು ಎನ್ನುತ್ತಿದ್ದೆವು. ಬಿಳಿ ಮೀಸೆ, ಕತ್ತಿನಲ್ಲಿ ಒಂದು ಸೀಟಿ. ಹಿಂದಿಯಲ್ಲಿ ನಿಧಾನವಾಗಿ, ನನ್ನಂಥವನಿಗೂ ಅರ್ಥವಾಗುವ ಹಾಗೆ ಹೇಳುತ್ತಿದ್ದರು.

ಲೈಫ್‌ಬೋಟ್ ಎಂದರೇನು ಎಂದು ನಾನು ಮೊದಲು ನೋಡಿದ್ದು ಅಲ್ಲೇ. ಕಿತ್ತಳೆ ಬಣ್ಣದ, ಮೇಲೆಲ್ಲ ಮುಚ್ಚಿದ ದೊಡ್ಡ ಡಬ್ಬಿ. ಒಳಗೆ ಸುತ್ತಲೂ ಬೆಂಚು, ಪ್ರತಿಯೊಬ್ಬನಿಗೂ ಸೊಂಟದ ಬೆಲ್ಟು. ಸೈರನ್ ಕೂಗಿದರೆ ಕೈಯಲ್ಲಿದ್ದದ್ದು ಬಿಟ್ಟು ಜಾಕೆಟ್ ಹಾಕಿಕೊಂಡು ನಮ್ಮ ದೋಣಿಯ ಹತ್ತಿರ ನಿಲ್ಲಬೇಕು. ಹೆಸರು ಕೂಗಿದ ಹಾಗೆ ಒಳಗೆ ಹೋಗಿ ಕೂತು ಬೆಲ್ಟು ಬಿಗಿಯಬೇಕು, ಆಮೇಲೆ ಏಳಬಾರದು. ತಂತಿ ಹಗ್ಗದಲ್ಲಿ ದೋಣಿಯನ್ನು ನೀರಿಗೆ ಇಳಿಸುತ್ತಾರೆ. ಅದು ನೀರು ಮುಟ್ಟಿದ ಮೇಲೆಯೇ ಕೊಂಡಿ ಕಳಚಬೇಕು, ಮೊದಲೇ ಕಳಚಿದರೆ ಎಲ್ಲರೂ ಹೋದರು. ಇದೆಲ್ಲ ನನಗೆ ಬೇಗ ಬಂತು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ಅಡುಗೆಯವನಿಗೆ ಕಷ್ಟವಲ್ಲ.

ಕಷ್ಟವಾದದ್ದು ಈಜುಕೊಳದಲ್ಲಿ. ಎತ್ತರದ ಹಲಗೆಯಿಂದ ಜಾಕೆಟ್ ಹಾಕಿಕೊಂಡು ನೀರಿಗೆ ಧುಮುಕಬೇಕು. ಜಾಕೆಟ್ ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು, ಎದೆಯ ಕಡೆ ಎರಡು ದಪ್ಪ ಬೆಂಡು, ಕತ್ತಿನ ಹಿಂದೆ ಒಂದು ಸಣ್ಣದು. ಮೇಷ್ಟ್ರು ಹಾಕಿ ತೋರಿಸಿದ್ದರು. ಆದರೆ ಹಲಗೆಯ ಮೇಲೆ ನಿಂತು ಕೆಳಗೆ ನೀರು ನೋಡಿದಾಗ ನನ್ನ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ದಪ್ಪ ಬೆಂಡನ್ನು ಬೆನ್ನಿಗೆ ತಿರುಗಿಸಿ, ಬಿಗಿಯಾಗಿ ಕಟ್ಟಿಕೊಂಡು ಹಾರಿದೆ.

ಬೆನ್ನಿನ ಬೆಂಡು ನನ್ನನ್ನು ಬೋರಲಾಗಿ ನೀರಿಗೆ ಒತ್ತಿ ಹಿಡಿಯಿತು. ತಲೆ ಎತ್ತುತ್ತೇನೆ, ಕತ್ತಿನಡಿಗೆ ಬಂದ ಸಣ್ಣ ಬೆಂಡು ಅಡ್ಡವಾಗುತ್ತದೆ. ನೀರು ಕುಡಿದೆ. ಇಬ್ಬರು ಇಳಿದು ಎಳೆದು ಹಾಕಿದರು.

ಮೇಷ್ಟ್ರು ನಗಲಿಲ್ಲ, ಬೈಯಲಿಲ್ಲ. ಜಾಕೆಟ್ ಸರಿಯಾಗಿ ಹಾಕಿಸಿ ಮತ್ತೆ ಬಿಟ್ಟರು. ಈಗ ಬೇರೆ ತೊಂದರೆ. ಜಾಕೆಟ್ ನನ್ನನ್ನು ಅಂಗಾತ ಮಾಡುತ್ತದೆ, ನನ್ನ ಮೈ ಒಪ್ಪುವುದಿಲ್ಲ. ಆಕಾಶ ಕಂಡ ಕೂಡಲೇ ಯಾರೋ ಕಿವಿ ಹಿಡಿದ ಹಾಗಾಗಿ ಬೋರಲು ತಿರುಗಿ ಕೈ ಬಡಿಯುತ್ತೇನೆ. ಜಾಕೆಟ್ ಮತ್ತೆ ತಿರುಗಿಸುತ್ತದೆ. ಸ್ವಲ್ಪ ಹೊತ್ತಿಗೆ ಸುಸ್ತಾಗಿ ಬಿಟ್ಟೆ.

ದಡದಲ್ಲಿ ನನ್ನ ಪಕ್ಕ ಕೂತು ಮೇಷ್ಟ್ರು ಹೇಳಿದರು. ಸಮುದ್ರದಲ್ಲಿ ಬಿದ್ದರೆ ಯಾವ ಕಡೆಗೆ ಈಜುತ್ತೀಯ? ದಡ ಕಾಣುವುದಿಲ್ಲ. ಮೂರ್ಛೆ ಹೋದರೂ ಬಾಯಿ ನೀರಿನಿಂದ ಮೇಲಿರಬೇಕು, ಅದಕ್ಕೇ ಈ ಬೆಂಡು ಎದೆಗೆ ಇರುವುದು. ನೀನು ಮಾಡಬೇಕಾದದ್ದು ಮಲಗುವುದು, ಕಾಯುವುದು. ಮುಂದಿನ ತಿಂಗಳ ತಂಡದಲ್ಲಿ ಇನ್ನೊಂದು ಸಲ ನೋಡುತ್ತೇನೆ. ಆಗಲೂ ಆಗದಿದ್ದರೆ ನಾನು ಕಳಿಸುವ ಹಾಗಿಲ್ಲ, ನಿನ್ನ ಹೆಣ ನನ್ನ ಲೆಕ್ಕಕ್ಕೆ ಬೇಡ.

"ನಿಮ್ಮೂರಲ್ಲಿ ನೀರಿದೆಯಾ?" ಎಂದು ಕೇಳಿದರು.

"ಬಾವಿ ಇದೆ."

"ಸಾಕು," ಎಂದರು.

ಊರಿಗೆ ಬಂದವನು ತಿಪಟೂರಿನಲ್ಲಿ ಬಸ್ಸಿಳಿದು ಮಂಡಿಯ ಬೀದಿ ಬಿಟ್ಟು ಸುತ್ತಿಕೊಂಡು ಹೋದೆ, ಸದಾಶಿವಯ್ಯನವರ ಕಣ್ಣಿಗೆ ಬೀಳಬಾರದು ಅಂತ. ರಾಮಲಕ್ಷ್ಮಿಗೆ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಬೋರಯ್ಯ ಮಾವನ ಹತ್ರ ಹೋಗಾಣ ಬನ್ನಿ," ಎಂದಳು. ಇಬ್ಬರೂ ಹೋದೆವು.

ದೊಡ್ಡಯ್ಯ ತೋಟದಲ್ಲಿ ಬಿದ್ದ ಗರಿ ಎಳೆದು ಒಟ್ಟುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಗರಿ ಕೆಳಗೆ ಹಾಕಿದರು.

"ಅಂದ್ರೆ ನಾನು ಕಲಿಸಿದ್ದು ತಪ್ಪು ಅಂದ್ನೇನ್ಲಾ ಆ ಬಾಂಬೆಯೋನು?"

"ಹಂಗನ್ಲಿಲ್ಲ ದೊಡ್ಡಯ್ಯ. ಈಜು ಚೆನ್ನಾಗೈತೆ ಅಂದ್ರು. ಮಲಗೋಕೆ ಬರಲ್ಲ ಅಂದ್ರು."

"ಮಲಗೋಕೆ ಚಾಪೆ ಐತೆ. ನನ್ನ ಬಾವೀಲಿ ಯಾರೂ ಹೆಣದಂಗೆ ಮಲಗಿಲ್ಲ, ನೀನೂ ಮಲಗಬ್ಯಾಡ. ಹೋಗು ಹೋಗು."

ನಾನು ತಿರುಗಿದೆ. ರಾಮಲಕ್ಷ್ಮಿ ತಿರುಗಲಿಲ್ಲ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು, "ಹೆಣ ಆಗ್ಬಾರ್ದು ಅಂತಾನೇ ಅಲ್ವ ಮಾವ, ಅವ್ರು ಮಲಗು ಅಂದಿರೋದು?"

ದೊಡ್ಡಯ್ಯ ಅವಳನ್ನು ನೋಡಿದರು. ಮತ್ತೆ ಗರಿ ಎತ್ತಿಕೊಂಡು ಎಳೆದುಕೊಂಡು ಹೋದರು.

ಮಾರನೆಯ ಬೆಳಿಗ್ಗೆ ನಮ್ಮ ಮನೆ ಬಾಗಿಲಲ್ಲಿ ಕಡಕಡ ಸದ್ದು. ಎದ್ದು ನೋಡಿದರೆ ದೊಡ್ಡಯ್ಯ ಜಗಲಿಯ ಮೇಲೆ ಒಂದು ಮಂಕರಿ ಒಣಕಾಯಿ ಇಟ್ಟುಕೊಂಡು, ಒಂದೊಂದನ್ನೇ ಕಿವಿಯ ಹತ್ತಿರ ಅಲುಗಿಸಿ ಆರಿಸುತ್ತಿದ್ದಾರೆ.

"ಆ ಜಾಕೀಟು ಎಂಗಿತ್ತು ಅಂತ ಇವಳಿಗೆ ಹೇಳ್ಲಾ," ಎಂದರು, ನನ್ನ ಕಡೆ ನೋಡದೆ.

ರಾಮಲಕ್ಷ್ಮಿ ಗೋಣಿತಾಟು ಹರಿದು, ದಬ್ಬಳದಲ್ಲಿ ಹೊಲಿದು ತೋಳಿಲ್ಲದ ಅಂಗಿ ಮಾಡಿದಳು. ಎದೆಯ ಎರಡು ಕಡೆ ಎರಡೆರಡು ಕಾಯಿಗೆ ಜೇಬು, ಕತ್ತಿನ ಹಿಂದೆ ಒಂದು ಸಣ್ಣ ಕಾಯಿಗೆ. ಸೊಂಟಕ್ಕೆ ತೆಂಗಿನ ನಾರಿನ ಹಗ್ಗ. ಅದನ್ನು ತೊಟ್ಟುಕೊಂಡು ಅವಳ ಜೊತೆ ತೋಟಕ್ಕೆ ಹೋಗುವಾಗ ದಾರಿಯಲ್ಲಿ ಪಕ್ಕದ ತೋಟದ ಗುರುಶಾಂತಮ್ಮ ಎದುರಾದರು. ಕಳೆ ಕೀಳುವ ಹೆಂಗಸರು ನಾಲ್ಕು ಜನ ಅವರ ಜೊತೆಗಿದ್ದರು.

"ಏನ್ ಮಾಯಣ್ಣ, ಬಾಂಬೆ ನೀರು ಕುಡಿದಿದ್ದಕ್ಕೆ ಎದೆ ತುಂಬ್ಕೊಂಡು ಬಂದ್ಯಾ?"

"ರಾಮಲಕ್ಷ್ಮೀ, ಇನ್ನು ಕೂಸನ್ನ ಅವನ ಹತ್ರಾನೇ ಕೊಡು ಕಣೇ," ಎಂದಳು ಇನ್ನೊಬ್ಬಳು.

ನಾನು ತಲೆ ತಗ್ಗಿಸಿದೆ. ರಾಮಲಕ್ಷ್ಮಿ ಮಾತ್ರ, "ಕೊಡ್ತೀನಿ ಕಣಕ್ಕ, ಇವರು ಇನ್ನೂ ಚೊಚ್ಚಲು," ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೇಲಿ ದಾಟುವ ಹೊತ್ತಿಗೆ ನನಗೂ ನಗು ಬಂತು.

ಮೊದಲನೆಯ ದಿನ ಬಾವಿಯ ಕಟ್ಟೆಯಿಂದ ಹಾರಿದಾಗ ಎದೆಯ ಕಾಯಿ ಮೇಲಕ್ಕೆ ಚಿಮ್ಮಿ ಗದ್ದಕ್ಕೆ ಹೊಡೆದು ತುಟಿ ಒಡೆಯಿತು. ಆಗ ಮೇಷ್ಟ್ರು ಹೇಳಿದ್ದು ನೆನಪಾಯಿತು. ಒಂದು ಕೈಯಲ್ಲಿ ಮೂಗು ಬಾಯಿ ಮುಚ್ಚಬೇಕು, ಇನ್ನೊಂದು ಕೈಯಲ್ಲಿ ಜಾಕೆಟ್ ಒತ್ತಿ ಹಿಡಿಯಬೇಕು, ಕೆಳಗೆ ನೋಡದೆ ಹೆಜ್ಜೆ ಇಡುವ ಹಾಗೆ ಇಳಿಯಬೇಕು. ಅದನ್ನು ದೊಡ್ಡಯ್ಯನಿಗೆ ಹೇಳಿದೆ. ಅವರು ಮೆಟ್ಟಿಲ ಮೇಲೆ ನಿಂತು ಪ್ರತಿ ಸಲವೂ, "ಮೂಗು. ಕಾಯಿ. ಹೂಂ, ಬಾ," ಎನ್ನುತ್ತಿದ್ದರು. ಹಾರುವುದು ಎರಡು ದಿನದಲ್ಲಿ ಬಂತು.

ಮಲಗುವುದು ಬರಲಿಲ್ಲ. ಬಿದ್ದ ತಕ್ಷಣ ಬೋರಲು. ದೊಡ್ಡಯ್ಯನಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಒಂದು ದಿನ ಪಂಚೆ ಕಟ್ಟಿ ಮೆಟ್ಟಿಲಲ್ಲಿ ಎದೆಮಟ್ಟದ ನೀರಿಗೆ ಇಳಿದು, ನನ್ನನ್ನು ಹತ್ತಿರ ಕರೆದು, ಕತ್ತಿನ ಕೆಳಗೆ ಅಂಗೈ ಇಟ್ಟರು. ಒರಟು ಅಂಗೈ, ಗರಗಸದ ಹಾಗೆ.

"ಮೇಲೆ ನೋಡ್ಲಾ. ಏನು ಕಾಣ್ತದೆ?"

"ಆಕಾಶ."

"ಆಕಾಶ ಬುಡು. ಪಡುವಲ ಮರ ನೋಡು. ಅದ್ರಾಗೆ ಬಲ್ತಿರೋ ಗೊನೆ ಯಾವುದು?"

ಪಶ್ಚಿಮದ ಕಡೆಯಿಂದ ಬಾವಿಯ ಮೇಲೆ ಬಾಗಿದ್ದ ಆ ತೆಂಗಿನ ಮರವನ್ನು ಹುಟ್ಟಿದಾಗಿನಿಂದ ನೋಡಿದ್ದೆ, ನಿಂತುಕೊಂಡು. ಮಲಗಿ ನೋಡಿದರೆ ಬೇರೆಯೇ ಮರ. ಗರಿಗಳೆಲ್ಲ ಗಾಡಿ ಚಕ್ರದ ಅರೆಗಳ ಹಾಗೆ ಸುತ್ತಲೂ ಹರಡಿ, ನಡುವೆ ಗೊನೆಗಳು. ಎಳನೀರಿನದು ಯಾವುದು, ಕಾಯಿ ಬಲಿತದ್ದು ಯಾವುದು, ಯಾವ ಕಾಯಿ ಮೊದಲು ಉದುರುತ್ತದೆ, ದೊಡ್ಡಯ್ಯ ಕೇಳುತ್ತಲೇ ಹೋದರು. ನಾನು ಹುಡುಕಿ ಹುಡುಕಿ ಹೇಳುತ್ತಲೇ ಹೋದೆ. ಕಿವಿ ನೀರಿನೊಳಗೆ ಇದ್ದದ್ದರಿಂದ ಅವರ ಮಾತು ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ಆಮೇಲೆ ಕೇಳುವುದು ನಿಂತಿತು. ಕಣ್ಣು ಹೊರಳಿಸಿ ನೋಡಿದರೆ ಅವರು ಆ ಕಡೆ ಮೆಟ್ಟಿಲ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತಿದ್ದಾರೆ. ನನ್ನ ಕತ್ತಿನ ಕೆಳಗೆ ನೀರು ಮಾತ್ರ.

"ಏಳಬ್ಯಾಡ, ಬಿದ್ದಿರು," ಎಂದರು. "ನಾನು ರೊಟ್ಟಿ ತಿನ್ಕೊಂಡು ಬತ್ತೀನಿ."

ಹೋಗಿ ರೊಟ್ಟಿ ತಿಂದುಕೊಂಡು ಬಂದರು. ನಾನು ಹಾಗೇ ಬಿದ್ದಿದ್ದೆ.

ಮುಂದಿನ ತಿಂಗಳು ಬಾಂಬೆಯ ಕೊಳದಲ್ಲಿ ನಾನು ಮಲಗಿದ್ದನ್ನು ನೋಡಿ ಮೇಷ್ಟ್ರು, ಯಾರು ಕಲಿಸಿದರು ಎಂದು ಕೇಳಿದರು. ಎಲ್ಲ ಹೇಳಿದೆ, ಗೋಣಿ ಅಂಗಿಯ ವಿಷಯವನ್ನೂ. ಅವತ್ತು ನಕ್ಕರು. ಕತ್ತಿನ ಸೀಟಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ಇದು ಬೋರಯ್ಯ ಮೇಷ್ಟ್ರಿಗೆ, ನನ್ನ ಸಲಾಂ ಹೇಳು," ಎಂದರು. ಮೊದಲ ರಜೆಗೆ ಬಂದಾಗ ತಂದುಕೊಟ್ಟೆ. ದೊಡ್ಡಯ್ಯ ಅದನ್ನು ಉಡಿದಾರಕ್ಕೆ ಕಟ್ಟಿಕೊಂಡು, ತೋಟಕ್ಕೆ ನುಗ್ಗುವ ಕೋತಿಗಳ ಮೇಲೆ ಊದುತ್ತಿದ್ದರು.

ಎರಡನೆಯ ವರ್ಷದ ಮಳೆಗಾಲ. ಸಮುದ್ರದ ಅಟ್ಟದ ಅಡುಗೆಮನೆಯಲ್ಲಿ ಮಧ್ಯಾಹ್ನದ ಸಾರಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಸೈರನ್ ಕೂಗಿತು. ವಾರಕ್ಕೊಮ್ಮೆ ಅಭ್ಯಾಸಕ್ಕೆಂದು ಕೂಗುತ್ತಿದ್ದದ್ದೇ, ಆದರೆ ಅವತ್ತು ಆ ದಿನವಲ್ಲ. ಕೊರೆಯುವ ಬಾವಿಯಿಂದ ಗ್ಯಾಸು ನುಗ್ಗಿ ಬರುತ್ತಿದೆ, ಬೆಂಕಿ ಹತ್ತಬಹುದು, ಎಲ್ಲರೂ ಇಳಿಯಿರಿ ಎಂದರು. ಚಾಕು ಇಟ್ಟೆ, ಒಲೆ ಆರಿಸಿದೆ, ಜಾಕೆಟ್ ತೊಟ್ಟೆ. ದಪ್ಪ ಬೆಂಡು ಎದೆಗೆ. ಕೈ ತಾನೇ ಸರಿಯಾಗಿ ಹಾಕಿತು.

ಯಾರೂ ಓಡಲಿಲ್ಲ, ಕೂಗಾಡಲಿಲ್ಲ. ಕಲಿತ ಹಾಗೇ ಹೆಸರು ಕೂಗಿದರು, ಕಲಿತ ಹಾಗೇ ಕೂತೆವು. ತಂತಿ ಹಗ್ಗ ಕಿರುಗುಟ್ಟುತ್ತ ದೋಣಿ ಇಳಿಯಿತು. ಅಲೆ ಮುಟ್ಟಿದ ಮೇಲೆ ಕೊಂಡಿ ಕಳಚಿತು, ಇಂಜಿನ್ ಶುರುವಾಯಿತು. ಒಳಗೆ ಎಲ್ಲರೂ ವಾಂತಿ ಮಾಡಿಕೊಂಡೆವು, ಅದೇನು ನಾಚಿಕೆಯ ವಿಷಯವಲ್ಲ. ಸಾಮಾನು ತರುವ ಹಡಗು ಬಂದು ಬದಿಯಲ್ಲಿ ಹಗ್ಗದ ಬಲೆ ಇಳಿಬಿಟ್ಟಿತು. ಒಬ್ಬೊಬ್ಬರೇ ಅದನ್ನು ಹಿಡಿದು ಹತ್ತಬೇಕು. ನನ್ನ ಸರದಿ ಬಂದಾಗ, ಕೈ ಬಲೆಯ ಮೇಲಿದ್ದ ಹಾಗೇ ದೋಣಿ ಕಾಲ ಕೆಳಗಿನಿಂದ ಇಳಿದುಹೋಯಿತು. ಜಾರಿ ಬಿದ್ದೆ. ಬೀಳುವಾಗ ದೋಣಿಯ ಅಂಚು ಬಲ ಭುಜಕ್ಕೆ ಬಡಿಯಿತು.

ನೀರಿನಿಂದ ಮೇಲೆ ಬಂದಾಗ ಬಲಗೈ ನನ್ನದಾಗಿರಲಿಲ್ಲ. ಎತ್ತಿದರೆ ಏಳದು. ಒಂದೊಂದು ಅಲೆಗೂ ಹಡಗು ದೂರ ದೂರ. ಮೈ ಬೋರಲು ತಿರುಗಿ ಹಡಗಿನ ಕಡೆ ಈಜಬೇಕು ಎಂದಿತು. ಒಂದು ಕೈಯಲ್ಲಿ ಆ ಅಲೆಯಲ್ಲಿ ಈಜಿದ್ದರೆ ನಾನು ಇವತ್ತು ಇದನ್ನು ಹೇಳಲು ಇರುತ್ತಿರಲಿಲ್ಲ.

ಮೇಲೆ ನೋಡ್ಲಾ, ಎಂದ ಹಾಗಾಯಿತು. ನೋಡಿದೆ. ಮೋಡ ಬಿಟ್ಟರೆ ಏನೂ ಇರಲಿಲ್ಲ. ಅಲ್ಲಿಯೇ ಪಡುವಲ ಮರವನ್ನು ಇಟ್ಟುಕೊಂಡೆ. ಗರಿ ಸುತ್ತಲೂ, ಗೊನೆ ನಡುವೆ. ಎಳನೀರಿನದು ಇದು, ಬಲಿತದ್ದು ಅದು. ಅಲೆ ಮುಖದ ಮೇಲೆ ಒಡೆದಾಗ ಉಸಿರು ಹಿಡಿದೆ, ಹೋದ ಮೇಲೆ ಬಿಟ್ಟೆ. ಜಾಕೆಟ್ಟಿನ ಸೀಟಿಯನ್ನು ಎಡಗೈಯಲ್ಲಿ ಬಾಯಿಗಿಟ್ಟು ಆಗಾಗ ಊದಿದೆ. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ರೊಟ್ಟಿ ತಿಂದುಕೊಂಡು ಬರುವುದಕ್ಕಿಂತ ಜಾಸ್ತಿ ಹೊತ್ತು.

ಹಡಗು ಸುತ್ತು ಹಾಕಿ ಬಂತು. ಮೇಲಿಂದ ಒಬ್ಬ ಉದ್ದನೆಯ ಕೋಲು ಚಾಚಿ, ತುದಿಯ ಕೊಕ್ಕೆಯನ್ನು ನನ್ನ ಜಾಕೆಟ್ಟಿನ ಪಟ್ಟಿಗೆ ಸಿಕ್ಕಿಸಿದ. ನಮ್ಮೂರಲ್ಲಿ ಕಾಯಿ ಕೀಳುವ ದೋಟಿಯೇ ಅದು. ನಮ್ಮಲ್ಲಿ ಮೇಲಿನಿಂದ ಕೆಳಕ್ಕೆ ಕೀಳುತ್ತೇವೆ, ಅವನು ಕೆಳಗಿನಿಂದ ಮೇಲಕ್ಕೆ ಕಿತ್ತ. ಆ ನೋವಿನಲ್ಲೂ ನನಗೆ ಅದು ಹೊಳೆದು ನಗು ಬಂತು. ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು ಅವನು. ಅವನ ಹೆಸರು ಕೇಳಿಕೊಳ್ಳಲಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಬೆಂಕಿ ಹತ್ತಲಿಲ್ಲ. ಗ್ಯಾಸನ್ನು ಹಿಡಿತಕ್ಕೆ ತಂದರು. ದೋಣಿ ಹತ್ತಿದವರೆಲ್ಲ ಬದುಕಿದ್ದರು.

ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಊರಿಗೆ ಬಂದೆ. ಈ ಸಲ ಮಂಡಿಯ ಬೀದಿಯಲ್ಲೇ ಹಾದುಹೋದೆ. ಸದಾಶಿವಯ್ಯನವರು ಗಾದಿಯಿಂದ ಎದ್ದು ಬಂದು ಎಡಗೈ ಹಿಡಿದುಕೊಂಡರು, "ನನ್ನ ಮಾತು ಹಾಳಾಗಿದ್ರೂ ಆಗ್ತಿತ್ತು ಕಣಪ್ಪ, ನೀನು ಬಂದ್ಯಲ್ಲ," ಎಂದರು. ಮನೆಯಲ್ಲಿ ರಾಮಲಕ್ಷ್ಮಿ ನೀರು ಕಾಯಿಸಿ ಬೆನ್ನು ಉಜ್ಜಿದಳು, ಬಹಳ ಹೊತ್ತು ಉಜ್ಜಿದಳು.

ಸಂಜೆ ತೋಟಕ್ಕೆ ಹೋದೆ. ದೊಡ್ಡಯ್ಯ ಎಲ್ಲ ಕೇಳಿದರು. ಮರವನ್ನು ಆಕಾಶದಲ್ಲಿ ಇಟ್ಟುಕೊಂಡೆ ಎಂದಾಗ ತಲೆಯಾಡಿಸಿದರು. ಆಮೇಲೆ ಕೇಳಿದರು.

"ಆ ಗೋಣಿ ಅಂಗಿ ಇನ್ನೂ ಐತೇನ್ಲಾ?"

"ಅಟ್ಟದ ಮೇಲೈತೆ."

"ತತ್ತಾ ಅದ್ನ."

ಮನೆಗೆ ಹೋಗಿ ತಂದೆ. ನನ್ನ ಒಂದು ಕೈಯಿಂದ ಆಗುವುದಿಲ್ಲವೆಂದು ರಾಮಲಕ್ಷ್ಮಿಯೂ ಬಂದು, ಅಂಗಿಯನ್ನು ದೊಡ್ಡಯ್ಯನಿಗೆ ತೊಡಿಸಿ ಸೊಂಟಕ್ಕೆ ನಾರಿನ ಹಗ್ಗ ಬಿಗಿದು, ಮೆಟ್ಟಿಲ ಮೇಲೆ ನಿಂತಳು. ದೊಡ್ಡಯ್ಯನ ಎದೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಊರಿಗೆಲ್ಲ ಈಜು ಕಲಿಸಿದ ಮನುಷ್ಯ, ತನ್ನ ಬಾವಿಯಲ್ಲಿ ಒಂದು ದಿನವೂ ಅಂಗಾತ ಮಲಗಿದವರಲ್ಲ.

"ಇಷ್ಟ್ ದಿನ ಬೋರಲು ಬಿದ್ದು ಬಾವಿ ತಳ ನೋಡಿದ್ದೇ ಆಯ್ತು," ಎಂದರು. "ಹಿಡ್ಕೊಳ್ಲಾ."

ಎದೆಮಟ್ಟದ ನೀರಿನಲ್ಲಿ ನಿಂತು ಎಡಗೈಯನ್ನು ಅವರ ಕತ್ತಿನ ಕೆಳಗೆ ಇಟ್ಟೆ. ಮೊದಲು ಕತ್ತು ಮರದ ಕೊರಡಿನ ಹಾಗೆ ಬಿಗಿಯಾಗಿತ್ತು. ಎರಡು ಸಲ ಬೋರಲು ತಿರುಗಲು ನೋಡಿದರು. ಆಮೇಲೆ ಸಡಿಲವಾಯಿತು. ಕಾಲು ಮೇಲೆ ಬಂತು. ಎದೆಯ ಮೇಲಿನ ಕಾಯಿಗಳು ಉಸಿರಿನ ಜೊತೆ ಏಳುತ್ತಾ ಇಳಿಯುತ್ತಾ ಇದ್ದವು.

"ಏನ್ ಕಾಣ್ತದೆ ದೊಡ್ಡಯ್ಯ?"

ಅವರ ಕಣ್ಣು ಗರಿಗಳ ನಡುವೆ ಹುಡುಕಾಡಿತು. ಕೊನೆಗೆ, "ಮೂಡಲ ಕಡೆ ಒಂದು ಗೊನೆ ಬಲ್ತು ನಿಂತೈತೆ ಕಣ್ಲಾ. ಕಟ್ಟೆ ಮ್ಯಾಲೆ ನಿಂತು ನೋಡಿದ್ರೆ ಗರಿ ಮರೆ," ಎಂದರು.

"ಕೈ ತೆಗೀಲಾ?"

"ತಡಿ. ಇನ್ನೊಂದ್ ಚೂರು ಇರ್ಲಿ."

ನಾನು ಕೈ ತೆಗೆಯಲಿಲ್ಲ.